ಬಾಯಿ ಒಣಗಿದರೆ ಹೆಚ್ಚು ನೀರು ಕುಡಿದರೆ ಸಾಕೇ?

"ಬಾಯಿ ಒಣಗುತ್ತಿದೆಯೇ? ನೀರು ಜಾಸ್ತಿ ಕುಡಿಯಿರಿ, ಒಂದು ಚೂರು ಅಡಿಕೆ ಜಗಿಯಿರಿ." ಇಂಥ ಸಲಹೆಯನ್ನು ನಾವೆಲ್ಲ ಕೇಳಿರುತ್ತೇವೆ. ಇದು ಎಷ್ಟು ಸರಿ?

ಅರ್ಧ ಸರಿ. ಬಿಸಿಲಲ್ಲಿ ಅಲೆದು ಬಂದಾಗ, ಜ್ವರ ಬಂದಾಗ ಒಣಗಿದ ಬಾಯಿಗೆ ನೀರೇ ಮದ್ದು. ಆದರೆ ವಾರಗಟ್ಟಲೆ ಬಾಯಿ ಒಣಗಿಯೇ ಇದ್ದರೆ, ಕೊರತೆ ಇರುವುದು ನೀರಿನದಲ್ಲ, ಜೊಲ್ಲಿನದಾಗಿರಬಹುದು.

ಜೊಲ್ಲು ಬರೀ ನೀರಲ್ಲ

ನಮ್ಮ ಬಾಯಲ್ಲಿ ದಿನಕ್ಕೆ ಸುಮಾರು 0.5ರಿಂದ 1.5 ಲೀಟರ್ ಜೊಲ್ಲು ಉತ್ಪತ್ತಿಯಾಗುತ್ತದೆ. ಅದು ಹಲ್ಲಿನ ಸಂದಿಗಳನ್ನು ತೊಳೆಯುತ್ತದೆ, ಆಮ್ಲವನ್ನು ತಗ್ಗಿಸುತ್ತದೆ, ರೋಗಾಣುಗಳನ್ನು ಹತೋಟಿಯಲ್ಲಿಡುತ್ತದೆ. ಜೊಲ್ಲು ಕಡಿಮೆಯಾದರೆ ಹಲ್ಲು ಹುಳುಕಾಗುತ್ತದೆ, ಶಿಲೀಂಧ್ರದ ಸೋಂಕು ಹತ್ತುತ್ತದೆ, ಬಾಯಿ ಉರಿಯುತ್ತದೆ.

ಉರಿಯೂತಕ್ಕೂ ಇದಕ್ಕೂ ಏನು ನಂಟು?

ಕೆಲವೊಮ್ಮೆ ಉರಿಯೂತವೇ ಮೂಲ. ಶೋಗ್ರೆನ್ಸ್ ಸಿಂಡ್ರೋಮ್ ಎಂಬ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಕಣಗಳು ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆಯೇ ದಾಳಿ ಮಾಡುತ್ತವೆ. ಬಾಯಿಯ ಜೊತೆ ಕಣ್ಣೂ ಒಣಗುತ್ತದೆ. ಇದು ಹೆಚ್ಚಾಗಿ ಕಾಣಿಸುವುದು ಮಧ್ಯವಯಸ್ಸಿನ ಮಹಿಳೆಯರಲ್ಲಿ. ಕೆನ್ನೆಯ ಒಳಗೆ ಬಲೆಯಂಥ ಬಿಳಿ ಗೆರೆಗಳು ಮೂಡುವ ಲೈಕನ್ ಪ್ಲೇನಸ್ ಇದ್ದವರಲ್ಲೂ ಹಲವರು ಬಾಯಿ ಒಣಗುತ್ತದೆ ಎನ್ನುತ್ತಾರೆ. ಹೀಗೆ ಒಣಗಿದ ಬಾಯಲ್ಲಿ ಸೋಂಕು, ಗಾಯ ಸುಲಭ. ಅದರಿಂದ ಉರಿ ಇನ್ನಷ್ಟು ಹೆಚ್ಚುತ್ತದೆ.

ಹಾಗೆಂದು ಎಲ್ಲಕ್ಕೂ ಉರಿಯೂತವೇ ಕಾರಣವಲ್ಲ. ಬಿಪಿ, ಅಲರ್ಜಿ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಸಕ್ಕರೆ ಕಾಯಿಲೆ, ಕುತ್ತಿಗೆಯ ಭಾಗಕ್ಕೆ ಕೊಟ್ಟ ರೇಡಿಯೇಷನ್ ಕೂಡ ಬಾಯಿ ಒಣಗಿಸುತ್ತವೆ.

ಅಡಿಕೆ ಜಗಿದರೆ?

ಜಗಿದಾಗ ಜೊಲ್ಲು ಬರುವುದು ನಿಜ. ಆದರೆ ಈ ಅಭ್ಯಾಸ ಮುಂದುವರಿದರೆ ಬಾಯಿಯ ಒಳಪದರ ಗಡುಸಾಗುತ್ತದೆ, ಖಾರ ತಾಗಿದರೆ ಉರಿಯುತ್ತದೆ, ಬರಬರುತ್ತಾ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ.

ಹಾಗಾದರೆ ಏನು ಮಾಡಬೇಕು?

• ಎರಡು ವಾರ ಕಳೆದರೂ ಬಾಯಿ ಒಣಗುವುದು, ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಹೋಗದಿದ್ದರೆ ದಂತವೈದ್ಯರಿಗೆ ತೋರಿಸಿ.
• ಮಾತ್ರೆಯಿಂದ ಬಾಯಿ ಒಣಗುತ್ತಿದೆ ಅನ್ನಿಸಿದರೆ ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.
• ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಜಗಿಯಬಹುದು.

ನೀರು ಖಂಡಿತ ಕುಡಿಯಿರಿ. ಆದರೆ "ನೀರು ಕುಡಿದರೆ ಸರಿಹೋಗುತ್ತದೆ" ಎಂದು ಫಾರ್ವರ್ಡ್ ಮಾಡುವ ಮೊದಲು ಯೋಚಿಸಿ: ಅದನ್ನು ನಂಬಿ ಯಾರೋ ಒಬ್ಬರು ವೈದ್ಯರ ಬಳಿ ಹೋಗುವುದನ್ನು ತಿಂಗಳುಗಟ್ಟಲೆ ಮುಂದೂಡಬಹುದು.