ಕಾಡಿನಲ್ಲಿ ಕೈಕೊಡುವ ಡಬ್ಬಿಗೆ ಕನ್ನಡ ಬೇಡವೇ?



ರಜೆ ಬಂತೆಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಹುಡುಗರು ಚಿಂಚೋಳಿಯತ್ತ ಹೊರಡುತ್ತಾರೆ. ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತ, ಗೊಟ್ಟಂಗೊಟ್ಟದ ಕಾಡು... ಬಿಸಿಲುನಾಡಿನ ಮಂದಿಗೆ ಇದೇ ಮಲೆನಾಡು! ಅರಣ್ಯ ಇಲಾಖೆ ಒಪ್ಪಿದ ಜಾಗದಲ್ಲಿ ಡೇರೆ ಹೊಡೆದು ಎರಡು ರಾತ್ರಿ ಕಳೆಯುತ್ತಾರೆ. ಅಲ್ಲಿ ಕರೆಂಟಿನ ಪ್ಲಗ್ಗು ಎಲ್ಲಿಂದ ಬರಬೇಕು? ಅದಕ್ಕೇ ಎಲ್ಲರ ಚೀಲದಲ್ಲೂ ಒಂದು ಪವರ್ ಬ್ಯಾಂಕ್.

ಕಳೆದ ಚಳಿಗಾಲದಲ್ಲಿ ನಾನೂ ನಾಲ್ವರು ಹುಡುಗರ ಜೊತೆ ಹೋಗಿದ್ದೆ. "ಕಾಕಾ, ಇಪ್ಪತ್ತು ಸಾವಿರದ್ದು ತಂದೀನಿ. ಫೋನ್ ನಾಕ್ ಸಲ ತುಂಬ್ತದ ಅಂತ ಅಂಗಡ್ಯಾಂವ ಹೇಳ್ಯಾನ" ಎಂದು ಒಬ್ಬ ಬೀಗಿದ. ಎರಡನೇ ರಾತ್ರಿ ಅದು ಖಾಲಿ! ಅದೇ ರಾತ್ರಿ ಇನ್ನೊಬ್ಬನಿಗೆ ಮೈ ಸುಡುವ ಜ್ವರ. ದಿಬ್ಬ ಹತ್ತಿದರೆ ಸಿಗ್ನಲ್ ಸಿಗುತ್ತಿತ್ತು, ಆದರೆ ಫೋನೇ ಸತ್ತಿತ್ತು. ಬೆಳಕು ಹರಿಯುವವರೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತೆವು. "ಡಬ್ಬಿ ಮ್ಯಾಲ ಬರ್ದದ್ದು ಓದ್ಲಿಲ್ಲೇನಪಾ?" ಎಂದು ಕೇಳಿದೆ. "ಎಲ್ಲಾ ಇಂಗ್ಲಿಷಿನ್ಯಾಗ ಅದ ಕಾಕಾ, ಅದೂ ಇರುವಿ ಕಾಲಿನಷ್ಟು ಸಣ್ಣ ಅಕ್ಷರ!"

ಹುಡುಗನದು ತಪ್ಪೇ? ಲೆಕ್ಕ ನೋಡಿ. ಡಬ್ಬಿಯ ಮೇಲೆ ದಪ್ಪಗೆ ಅಚ್ಚಾದ 20,000 ಎಂಎಎಚ್ ಎಂಬುದು ಒಳಗಿನ ಸೆಲ್‌ನ ಲೆಕ್ಕ, 3.7 ವೋಲ್ಟ್‌ನದು. ಯುಎಸ್‌ಬಿ ತೂತಿನಿಂದ ಹೊರಬರುವುದು ಸಾಮಾನ್ಯವಾಗಿ 5 ವೋಲ್ಟ್. ಸೆಲ್‌ನ ನಿಜವಾದ ಶಕ್ತಿ 74 ವಾಟ್-ಗಂಟೆ. ವೋಲ್ಟ್ ಏರಿಸುವಾಗ ಒಂದಿಷ್ಟು ಬಿಸಿಯಾಗಿ ಸೋರಿ, ಕೈಗೆ ಸಿಗುವುದು 60ರ ಆಸುಪಾಸು. 5,000 ಎಂಎಎಚ್ ಫೋನಿಗೆ ಸುಮಾರು 19 ವಾಟ್-ಗಂಟೆ ಬೇಕು. ಅಂದರೆ ಮೂರು ಸಲ, ನಾಲ್ಕಲ್ಲ! 5 ವಾಟಿನ ದೀಪವನ್ನೂ ರಾತ್ರಿ 6 ಗಂಟೆ ಉರಿಸಿದರೆ 30 ವಾಟ್-ಗಂಟೆ ಅದಕ್ಕೇ ಹೋಯಿತು. ನಾಲ್ವರಿಗೆ ಉಳಿಯುವುದೆಷ್ಟು? ಸಿಗ್ನಲ್ ಹುಡುಕುತ್ತ ಹುಡುಕುತ್ತ ಫೋನ್ ತಾನೇ ಬೇಗ ಬರಿದಾಗುತ್ತದೆ. ಕಾಡಿನಲ್ಲಿ ಅದನ್ನು ವಿಮಾನದ ಮೋಡ್‌ಗೆ ಹಾಕಿಡಿ.

ಇನ್ನು ಬಿಸಿಲು! ಲಿಥಿಯಂ ಸೆಲ್‌ಗಳನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಚಾರ್ಜ್ ಮಾಡಬಾರದು. ನಮ್ಮ ಬೇಸಿಗೆ ನೆರಳಲ್ಲೇ 40 ದಾಟುತ್ತದೆ. ಕಾದ ಶಹಾಬಾದ್ ಫರಸಿಯ ಮೇಲೆ, ಬಾಗಿಲು ಮುಚ್ಚಿದ ಗಾಡಿಯೊಳಗೆ ಇಟ್ಟರೆ ಗತಿಯೇನು? ಉಬ್ಬಿದ ಪವರ್ ಬ್ಯಾಂಕ್ ಬಳಸಲೇಬಾರದು, ಅದಕ್ಕೆ ಬೆಂಕಿ ಹತ್ತಬಹುದು. ಒಣಹುಲ್ಲಿನ ಕಾಡಿನಲ್ಲಿ ಅದು ಒಬ್ಬರ ಕೈ ಸುಡುವ ಮಾತಲ್ಲ. ಈ ಎಚ್ಚರಿಕೆ ನಮ್ಮ ಜನರಿಗೆ ತಿಳಿಯುವ ಭಾಷೆಯಲ್ಲಿ ಏಕಿಲ್ಲ?

ಏಕೆಂದರೆ ಕಾನೂನೇ ಕೇಳುವುದಿಲ್ಲ! ಕೇಂದ್ರದ ಪೊಟ್ಟಣ ಸರಕು ನಿಯಮಗಳು, 2011 ಏನನ್ನುತ್ತವೆ? ತಯಾರಕರ ವಿಳಾಸ, ಬೆಲೆ ಮುಂತಾದ ವಿವರ ದೇವನಾಗರಿಯ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿರಬೇಕು. ಬೇರೆ ಭಾಷೆ ಸೇರಿಸಿದರೆ ಅಡ್ಡಿಯಿಲ್ಲ, ಅಷ್ಟೇ. ಅಡ್ಡಿಯಿಲ್ಲ ಎಂದರೆ ಯಾವ ಕಂಪನಿ ತಾನಾಗಿ ಮಾಡೀತು? ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಲಿ ಎನ್ನುತ್ತದೆ. ಆದರೆ ಅದು ಕರ್ನಾಟಕದಲ್ಲಿ ತಯಾರಾಗುವ ಸರಕಿಗೆ ಮಾತ್ರ. ಹೊರಗಿನಿಂದ ಬಂದು ನಮ್ಮ ಜೇಬಿನ ದುಡ್ಡು ಎಣಿಸಿಕೊಳ್ಳುವ ಸರಕಿಗೆ ಇಲ್ಲ. ಇದ್ಯಾವ ನ್ಯಾಯ?

ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ನಮಗೆ ಸಿಕ್ಕಿರುವ ಮೊದಲ ಕನ್ನಡ ಕೃತಿ ಕವಿರಾಜಮಾರ್ಗ 9ನೇ ಶತಮಾನದಲ್ಲಿ ನೃಪತುಂಗನ ಆ ಆಸ್ಥಾನದಲ್ಲೇ ಹುಟ್ಟಿತು. ಅದೇ ನೆಲದ ಹುಡುಗ ಬೆಂಕಿಯ ಎಚ್ಚರಿಕೆ ಓದಲು ಇಂಗ್ಲಿಷನ್ನೋ ಹಿಂದಿಯನ್ನೋ ಕಲಿತು ಬರಬೇಕೇ?

ನಮ್ಮ ಬೇಡಿಕೆ ಸರಳ. ಕೇಂದ್ರದ ನಿಯಮಕ್ಕೆ ತಿದ್ದುಪಡಿಯಾಗಲಿ. ಮಾರುವ ರಾಜ್ಯದ ಭಾಷೆಯಲ್ಲಿ ವಾಟ್-ಗಂಟೆಯೂ ಎಚ್ಚರಿಕೆಯೂ ಕಡ್ಡಾಯವಾಗಲಿ. ಅಲ್ಲಿಯವರೆಗೆ ಅಂಗಡಿಯವರು ಒಂದು ಕನ್ನಡ ಚೀಟಿಯನ್ನಾದರೂ ಅಂಟಿಸಲಿ, ಅದಕ್ಕೇನು ಲಕ್ಷ ಖರ್ಚಾಗದು.

ಕೊಳ್ಳುವವರೇ, ನೀವೂ ಸುಮ್ಮನಿರಬೇಡಿ! ದಪ್ಪ ಅಂಕಿಗೆ ಮರುಳಾಗದೆ ವಾಟ್-ಗಂಟೆ ಎಷ್ಟೆಂದು ಕೇಳಿ. ಬಿಐಎಸ್ ಗುರುತನ್ನೂ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನೂ ನೋಡಿ. ಬಿಲ್ಲು ಬಿಡಬೇಡಿ. ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮತ್ತು ಪ್ರತಿ ಸಲವೂ, ಪ್ರತಿ ಅಂಗಡಿಯಲ್ಲೂ ಒಂದೇ ಪ್ರಶ್ನೆ ಹಾಕಿ: "ಇದರ ಮ್ಯಾಲ ಕನ್ನಡ ಎಲ್ಲದ ರೀ?"

ಕೇಳದವರಿಗೆ ಯಾರೂ ಕೊಡುವುದಿಲ್ಲ. ಕೇಳೋಣ!