ಡಬ್ಬಿಯ ಮೀನೂ ಮನೆಯ ಪಿಜ್ಜಾವೂ

ಪಿಜ್ಜಾ ಎಂಬ ಮಾತು ಈಗ ನಮ್ಮ ಪಟ್ಟಣದ ಮಕ್ಕಳ ನಾಲಗೆಯ ಮೇಲೆ ಇಡ್ಲಿ ದೋಸೆಗಳಷ್ಟೇ ಸಲೀಸಾಗಿ ಆಡುತ್ತದೆ. ಆದರೆ ಆ ಮಾತು ನಾವೆಣಿಸುವಷ್ಟು ಎಳೆಯದಲ್ಲ. ಇಟಲಿಯ ಗಯೇಟಾ ಎಂಬ ಕಡಲತಡಿಯ ಊರಿಗೆ ಸಂಬಂಧಿಸಿದ, ಕ್ರಿ. ಶ. 997ರ ಲ್ಯಾಟಿನ್ ಪತ್ರವೊಂದರಲ್ಲಿ, ಗೇಣಿದಾರನೊಬ್ಬನು ಬಿಷಪ್ಪರಿಗೆ ಕ್ರಿಸ್ಮಸ್ ಹಬ್ಬಕ್ಕೆ 12, ಈಸ್ಟರ್ ಹಬ್ಬಕ್ಕೆ 12 ಪಿಜ್ಜಾಗಳನ್ನು ಸಲ್ಲಿಸತಕ್ಕದ್ದೆಂಬ ಕರಾರಿದೆ. ನಮ್ಮ ರನ್ನನು ಅಜಿತಪುರಾಣವನ್ನು ಮುಗಿಸಿ ಆಗ್ಗೆ ನಾಲ್ಕೇ ವರ್ಷ. ಬಿಷಪ್ಪರು ತಿಂದ ಪಿಜ್ಜಾದಲ್ಲಿ ಟೊಮೆಟೊ ಇರಲಿಲ್ಲವೆಂಬುದಂತೂ ನಿಶ್ಚಯ. ಆ ಹಣ್ಣು ಅಮೆರಿಕೆಯಿಂದ ಯೂರೋಪಿಗೆ ಬರಲು ಇನ್ನೂ ಐದು ಶತಮಾನಗಳು ಕಳೆಯಬೇಕಾಗಿತ್ತು.

ಇಂದು ಪಿಜ್ಜಾದ ಮಡಿಯನ್ನು ಕಾಯುವವರು ನೇಪಲ್ಸ್ ನಗರದವರು. ಅವರು 1984ರಲ್ಲಿ ಸಂಘವೊಂದನ್ನು ಕಟ್ಟಿ, ಹಿಟ್ಟಿನಿಂದ ಮೊದಲುಗೊಂಡು ಒಲೆಯ ಕಾವಿನವರೆಗೆ ನಿಯಮಗಳನ್ನು ಬರೆದಿಟ್ಟರು. 2010ರಲ್ಲಿ ಯೂರೋಪಿಯನ್ ಒಕ್ಕೂಟವು ಆ ಸಂಪ್ರದಾಯಕ್ಕೆ ರಕ್ಷಣೆಯ ಮುದ್ರೆಯನ್ನೊತ್ತಿತು. 2017ರಲ್ಲಿ ಯುನೆಸ್ಕೊ ಸಂಸ್ಥೆಯು ನೇಪಲ್ಸಿನ ಪಿಜ್ಜಾಗಾರರ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಶಾಸ್ತ್ರದ ಪ್ರಕಾರ ಶುದ್ಧ ಪಿಜ್ಜಾಗಳು ಎರಡೇ: ಮಾರ್ಗೆರಿಟಾ ಒಂದು, ಮರಿನಾರಾ ಇನ್ನೊಂದು. ಮರಿನಾರಾ ಎಂದರೆ ನಾವಿಕರದು ಎಂದರ್ಥ. ಹೆಸರನ್ನು ಕೇಳಿ ಮೀನನ್ನು ನಿರೀಕ್ಷಿಸಿದವರಿಗೆ ನಿರಾಶೆಯೇ ಗತಿ. ಅದರ ಮೇಲಿರುವುದು ಟೊಮೆಟೊ, ಬೆಳ್ಳುಳ್ಳಿ, ಒರಿಗಾನೊ ಸೊಪ್ಪು, ಆಲಿವ್ ಎಣ್ಣೆ, ಇಷ್ಟೇ.

ಹಾಗಾದರೆ ಮೀನಿನ ಪಿಜ್ಜಾ ಎಲ್ಲಿಯದು? ಅದು ಶಾಸ್ತ್ರದಲ್ಲಿಲ್ಲ, ರೂಢಿಯಲ್ಲಿದೆ. ಇಟಲಿಯ ಸಾಮಾನ್ಯ ಪಿಜ್ಜಾ ಅಂಗಡಿಗಳ ತಿಂಡಿಪಟ್ಟಿಯಲ್ಲಿ ‘ತೊನ್ನೊ ಎ ಚಿಪೊಲ್ಲಾ’, ಎಂದರೆ ಟ್ಯೂನಾ ಮೀನು ಮತ್ತು ಈರುಳ್ಳಿ, ಎಂಬ ಹೆಸರು ಧಾರಾಳವಾಗಿ ಕಾಣಸಿಗುತ್ತದೆ. ಅಂಗಡಿಯಲ್ಲಿ ಸಿಕ್ಕರೂ ಅದರ ಗುಣ ಮನೆಯದೇ ಎಂದು ನನ್ನ ಅಭಿಪ್ರಾಯ. ಯಾವ ಸಾಮಾನಿಗೂ ಆ ದಿನ ಪೇಟೆಗೆ ಓಡಬೇಕಾಗಿಲ್ಲ. ಹಿಟ್ಟು, ಡಬ್ಬಿಯ ಟೊಮೆಟೊ, ಡಬ್ಬಿಯ ಮೀನು, ಬುಟ್ಟಿಯ ಮೂಲೆಯಲ್ಲಿ ಉಳಿದ ಈರುಳ್ಳಿ, ಎಲ್ಲವೂ ಉಗ್ರಾಣದ ಸರಕು. ಶುಕ್ರವಾರ ಮಾಂಸವನ್ನು ಬಿಡುವ ಕ್ಯಾಥೊಲಿಕ್ ಮನೆಗಳಲ್ಲಿ ಇಂಥ ಡಬ್ಬಿಯೊಂದು ಕಪಾಟಿನಲ್ಲಿದ್ದರೆ ಎಷ್ಟೊಂದು ನೆಮ್ಮದಿ ಎಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಟ್ಯೂನಾ ಎಂದೊಡನೆ ಅದು ಯಾವುದೋ ಪರದೇಶದ ಜಲಚರವೆಂದು ಭಾವಿಸಬೇಕಾಗಿಲ್ಲ. ನಮ್ಮ ಕರಾವಳಿಯವರು ಇದನ್ನು ಕೇದರ ಎಂದು ಕರೆಯುತ್ತಾರೆ. ಇದರ ಬಾಳು ವಿಚಿತ್ರವಾದದ್ದು: ಈಜುತ್ತಲೇ ಉಸಿರಾಡಬೇಕು, ನಿಂತರೆ ಉಸಿರಿಲ್ಲ. ಹಗಲಿರುಳೂ ದುಡಿಯುವ ಆ ಸ್ನಾಯುಗಳಿಗೆ ಆಮ್ಲಜನಕ ಹೇರಳವಾಗಿ ಬೇಕಾದುದರಿಂದಲೇ ಮಾಂಸವು ಕೆಂಪಾಗಿರುತ್ತದೆ. ಮೀನುಗಳಲ್ಲಿ ಅಪರೂಪವೆಂಬಂತೆ ಇದರ ಮೈ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ. ಹಿಡಿದ ಮೇಲೆ ಬೇಗನೆ ಕೆಡುವ ಜಾತಿಯಾದ್ದರಿಂದ ಇದನ್ನು ಕಾಪಿಡುವ ವಿದ್ಯೆ ಎಲ್ಲ ಕಡಲತೀರಗಳಲ್ಲಿಯೂ ಬೆಳೆಯಿತು. ಲಕ್ಷದ್ವೀಪದವರು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿ ‘ಮಾಸ್’ ಮಾಡಿದರು. (ಆ ದ್ವೀಪಸಮೂಹದ ಅಮೀನ್‌ದಿವಿ ಭಾಗವು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತೆಂಬುದು ಇಂದು ಎಷ್ಟು ಜನರ ನೆನಪಿನಲ್ಲಿದೆಯೋ!) ಸಿಸಿಲಿಯವರು ಉಪ್ಪಿನಲ್ಲಿಟ್ಟರು, ಬಳಿಕ ಎಣ್ಣೆಯಲ್ಲಿಟ್ಟರು. ಅಲ್ಲಿಯ ಫವಿನ್ಯಾನಾ ದ್ವೀಪವನ್ನು 1874ರಲ್ಲಿ ಫ್ಲೋರಿಯೊ ಮನೆತನದವರು ಕೊಂಡು, ಮೀನನ್ನು ಎಣ್ಣೆಯೊಡನೆ ಡಬ್ಬಿಗೆ ತುಂಬುವ ದೊಡ್ಡ ಕಾರ್ಖಾನೆಯನ್ನು ನಡೆಸಿದರು. ಆ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ.

ಇನ್ನು ಮನೆಯಲ್ಲಿ ಮಾಡುವ ಮಾತು. ಮನೆಯ ಪಿಜ್ಜಾದ ಮೇಲೆ ಬರುವ ದೂರು ಎಲ್ಲೆಡೆಯಲ್ಲಿಯೂ ಒಂದೇ: ತಳ ಹಸಿಹಸಿ, ಮೇಲಿನ ಮೀನು ಮರದ ಹೊಟ್ಟಿನಂತೆ ಒಣಕಲು. ಒಲೆಯಲ್ಲಿ ಕಾವು ಸಾಲದೆಂದು ಜನ ಒಲೆಯನ್ನೇ ದೂರುತ್ತಾರೆ. ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುವ, ಮಂಗಳೂರು ಕಡೆಯ ಮಿತ್ರರೊಬ್ಬರು ಮನೆಯಲ್ಲಿ ಈ ಪಿಜ್ಜಾವನ್ನು ಬಹಳ ಚೆನ್ನಾಗಿ ಮಾಡುತ್ತಾರೆ. ಗುಟ್ಟೇನೆಂದು ಕೇಳಿದಾಗ ಅವರು ನಕ್ಕು, “ನೀವೆಲ್ಲ ಬೆಂಕಿಯನ್ನು ಬೈಯುವುದು ಮಾರಾಯ್ರೆ, ತಪ್ಪು ಪೂರಾ ನೀರಿನದ್ದು,” ಎಂದರು.

ಅವರು ವಿವರಿಸಿದುದು ಹೀಗೆ. ನೇಪಲ್ಸಿನ ಸೌದೆಯ ಒಲೆಯಲ್ಲಿ ಕಮಾನಿನ ಕಾವು 485 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಪಿಜ್ಜಾ 60ರಿಂದ 90 ಸೆಕೆಂಡುಗಳಲ್ಲಿ ಬೆಂದು ಹೊರಬರುತ್ತದೆ. ಮನೆಯ ಓವನ್ನಿನ ಮಿತಿ ಸುಮಾರು 250 ಡಿಗ್ರಿ. ನೀರು ಕುದಿಯುತ್ತಿರುವವರೆಗೆ ಆ ಜಾಗದ ಬಿಸಿ 100 ಡಿಗ್ರಿಯನ್ನು ದಾಟುವುದಿಲ್ಲ. ರೊಟ್ಟಿಗೆ ಕಂದುಬಣ್ಣವೂ ಪರಿಮಳವೂ ಬರಬೇಕಾದರೆ ಅದಕ್ಕಿಂತ ಬಹಳ ಹೆಚ್ಚಿನ ಬಿಸಿ ಬೇಕು. ಟೊಮೆಟೊ ನೀರು, ಮೊಟ್ಸರೆಲ್ಲಾ ಚೀಸಿನ ನೀರು, ಈರುಳ್ಳಿಯ ನೀರು, ಉಪ್ಪುನೀರಿನಲ್ಲಿಟ್ಟ ಮೀನಾದರೆ ಅದರ ನೀರು, ಹೀಗೆ ನಾಲ್ಕು ಕಡೆಯಿಂದ ಹೊಳೆ ಹರಿದರೆ ಪಾಪ, 250 ಡಿಗ್ರಿಯ ಓವನ್ನು ಏನು ಮಾಡೀತು? ಮೀನಿನ ಕಥೆಯೇ ಬೇರೆ. ಅದನ್ನು ಸಾಮಾನ್ಯವಾಗಿ ಡಬ್ಬಿಗೆ ತುಂಬುವ ಮೊದಲು ಹಬೆಯಲ್ಲಿ ಬೇಯಿಸಿರುತ್ತಾರೆ. ಮುಚ್ಚಿದ ಮೇಲೆ ಡಬ್ಬಿಯ ಸಮೇತ ಇನ್ನೊಮ್ಮೆ ಹೆಚ್ಚಿನ ಕಾವಿನಲ್ಲಿ ಬೇಯಿಸಿರುತ್ತಾರೆ. ಎರಡು ಬಾರಿ ಬೆಂದದ್ದನ್ನು ಮತ್ತೆ ಕಾಲು ಗಂಟೆ ಬೇಯಿಸಿದರೆ ಹೊಟ್ಟಾಗದೆ ಇನ್ನೇನಾದೀತು?

ಆದ್ದರಿಂದ ಮನೆಯವರು ನೇಪಲ್ಸಿನ ದುಂಡು ಪಿಜ್ಜಾವನ್ನು ಅನುಕರಿಸುವ ಹಟವನ್ನು ಬಿಡುವುದು ಒಳ್ಳೆಯದು. ಇಟಲಿಯ ಮನೆಗಳಲ್ಲಿಯೂ ರೊಟ್ಟಿಯಂಗಡಿಗಳಲ್ಲಿಯೂ ತಗಡಿನ ತಟ್ಟೆಯಲ್ಲಿ ಬೇಯಿಸಿ ಚೌಕವಾಗಿ ಕತ್ತರಿಸುವ ಇನ್ನೊಂದು ಪಿಜ್ಜಾ ಇದೆ. ಅದಕ್ಕೆ ಕಡಿಮೆ ಕಾವು, ಹೆಚ್ಚು ಹೊತ್ತು ಸಾಕು. ನಮ್ಮ ಓವನ್ನಿಗೆ ಒಗ್ಗುವುದು ಅದೇ.

30ಕ್ಕೆ 40 ಸೆಂಟಿಮೀಟರಿನ ತಟ್ಟೆಗೆ, ಅಥವಾ ಅದರ ಅರ್ಧದಷ್ಟಿರುವ ಎರಡು ತಟ್ಟೆಗಳಿಗೆ, 400 ಗ್ರಾಂ ಮೈದಾ, 8 ಗ್ರಾಂ ಉಪ್ಪು, ಒಂದು ಸಣ್ಣ ಚಮಚದಷ್ಟು ಒಣ ಈಸ್ಟ್, ಎರಡು ದೊಡ್ಡ ಚಮಚ ಆಲಿವ್ ಎಣ್ಣೆ ಬೇಕು. ಇಟಲಿಯ ಹಿಟ್ಟಾದರೆ 280 ಗ್ರಾಂ ನೀರನ್ನು ಕುಡಿದೀತು. ನಮ್ಮ ಪೇಟೆಯ ಮೈದಾಕ್ಕೆ ಮೊದಲು 250 ಗ್ರಾಂ ಹಾಕಿ ನೋಡುವುದು ಲೇಸು. ಕಣಕವು ಹೋಳಿಗೆಯ ಕಣಕದಂತೆ ಸಡಿಲವಾಗಿ, ಕೈಗೆ ಸ್ವಲ್ಪ ಅಂಟುವಂತಿರಬೇಕು. ನಾದಿ, ಮುಚ್ಚಿ, ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟರೆ ರುಚಿ ಹೆಚ್ಚುತ್ತದೆ. ಮಾಡುವುದಕ್ಕೆ ಎರಡು ಗಂಟೆ ಮೊದಲೇ ಹೊರಗೆ ತೆಗೆದು, ಎಣ್ಣೆ ಸವರಿದ ತಟ್ಟೆಯಲ್ಲಿ ಬೆರಳ ತುದಿಗಳಿಂದ ಒತ್ತಿ ಹರಡಬೇಕು. ಲಟ್ಟಣಿಗೆಯನ್ನು ಮುಟ್ಟಬಾರದು, ರಾತ್ರಿಯಿಡೀ ಹುದುಗು ಊದಿಟ್ಟ ಗಾಳಿಯನ್ನು ಅದು ಒಂದೇ ಗಳಿಗೆಯಲ್ಲಿ ಹಿಂಡಿಬಿಡುತ್ತದೆ.

ಟೊಮೆಟೊವನ್ನು ಕೈಯಿಂದ ಹಿಸುಕಿ ಜಾಲರಿಯಲ್ಲಿ ಬಸಿಯಲು ಬಿಡಿ. ಉಳಿದ ತಿರುಳು 250 ಗ್ರಾಂ ಇದ್ದರೆ ಸಾಕು. ಮೊಟ್ಸರೆಲ್ಲಾವನ್ನು, ಅದೂ 200 ಗ್ರಾಂ ಮೀರದಂತೆ, ಹರಿದು ಬಟ್ಟೆಯ ಮೇಲೆ ಒಂದು ಗಂಟೆ ಇಡಿ. ಈರುಳ್ಳಿಯನ್ನು ಕಾಗದದಷ್ಟು ತೆಳುವಾಗಿ ಹೆಚ್ಚಿ, ಉಪ್ಪು ಬೆರಸಿದ ತಣ್ಣೀರಿನಲ್ಲಿ ಕಾಲು ಗಂಟೆ ನೆನೆಸಿ ಬಿಗಿಯಾಗಿ ಹಿಂಡಿದರೆ ಘಾಟೂ ಹೋಗುತ್ತದೆ. ಮೀನು ಎಣ್ಣೆಯಲ್ಲಿಟ್ಟದ್ದಾಗಿರಲಿ. ಬಸಿದ ಮೇಲೆ 150ರಿಂದ 200 ಗ್ರಾಂ ಸಾಕು; ಅದನ್ನು ಪುಡಿಮಾಡದೆ ದೊಡ್ಡ ದೊಡ್ಡ ಪದರಗಳಾಗಿ ಬಿಡಿಸಬೇಕು.

ಓವನ್ನನ್ನು ಅದರ ಶಕ್ತಿಯ ತುದಿಗೆ ಅರ್ಧ ಗಂಟೆ ಕಾಯಿಸಿ, ಬರಿಯ ಟೊಮೆಟೊ ಬಳಿದ ಕಣಕವನ್ನು ಎಲ್ಲಕ್ಕೂ ಕೆಳಗಿನ ಅಂತಸ್ತಿನಲ್ಲಿ ಹತ್ತು ನಿಮಿಷ ಬೇಯಿಸಿ. ಅನಂತರ ಚೀಸ್ ಮತ್ತು ಈರುಳ್ಳಿಯನ್ನು ಹರಡಿ ಇನ್ನೂ ಆರೆಂಟು ನಿಮಿಷ. ಕೊನೆಯ ಎರಡು ನಿಮಿಷಗಳಿಗಷ್ಟೇ ಮೀನಿನ ಪ್ರವೇಶ. ಅದು ಬೇಯುವುದಕ್ಕಾಗಿ ಒಳಗೆ ಹೋಗುವುದಲ್ಲ, ಬೆಚ್ಚಗಾಗುವುದಕ್ಕಾಗಿ. ಹೊರತೆಗೆದ ಮೇಲೆ ಕರಿಮೆಣಸು, ನಾಲ್ಕು ಹನಿ ನಿಂಬೆರಸ. ಕರಿಯ ಆಲಿವ್ ಕಾಯಿ ಇದ್ದರೆ ಸರಿ, ಇಲ್ಲದಿದ್ದರೆ ಕೊರತೆಯೇನೂ ಇಲ್ಲ. ಮೆಕ್ಕೆಜೋಳದ ಕಾಳನ್ನು ಸುರಿಯುವವರೂ ಇದ್ದಾರೆ; ಅವರವರ ರುಚಿ.

ಮೀನಿನೊಡನೆ ಚೀಸೆ ಎಂದು ಹುಬ್ಬೇರಿಸುವವರಿದ್ದಾರೆ. ಚರಕಸಂಹಿತೆಯ ಸೂತ್ರಸ್ಥಾನವು ಹಾಲು ಮೀನುಗಳ ಜೋಡಿಯನ್ನು ವಿರುದ್ಧಾಹಾರವೆಂದೇ ಸಾರುತ್ತದೆ. ನಮ್ಮ ಅಜ್ಜಿಯರು ಅದನ್ನು ಓದದೆಯೇ ಪಾಲಿಸಿದರು. ಸೋಜಿಗವೆಂದರೆ ಇಟಲಿಯ ಅಜ್ಜಿಯರದೂ ಇದೇ ಕಟ್ಟಳೆ. ಮೀನಿನ ಪಾಸ್ತಾದ ಮೇಲೆ ಚೀಸ್ ತುರಿದವನನ್ನು ಅವರು ಮರುಕದಿಂದ ನೋಡುತ್ತಾರೆ. ಆದರೆ ಟ್ಯೂನಾ ಪಿಜ್ಜಾದ ಮುಂದೆ ಅದೇ ಜನ ಸುಮ್ಮನಾಗುತ್ತಾರೆ! ಹಾಲಾಗಲಿ ಮೀನಾಗಲಿ ಮೈಗೊಗ್ಗದವರ ಮಾತು ಬೇರೆ. ಉಳಿದವರಿಗೆ ಇವೆರಡೂ ಕೂಡಿದ ಮಾತ್ರಕ್ಕೆ ಕೇಡೆಂಬುದಕ್ಕೆ ಆಧುನಿಕ ವೈದ್ಯದಲ್ಲಿ ಆಧಾರವಿಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ಚೀಸನ್ನು ಬಿಟ್ಟುಬಿಡಬಹುದು. ಟೊಮೆಟೊ, ಬೆಳ್ಳುಳ್ಳಿ, ಈರುಳ್ಳಿ, ಮೀನು ಇಷ್ಟರಿಂದಲೇ ಮಾಡಿದ್ದು ನನ್ನ ನಾಲಗೆಗೆ ಹೆಚ್ಚು ಹಿಡಿಸಿದೆ. ಆಗ ಮರಿನಾರಾ ಎಂಬ ಹೆಸರಿಗೂ ಒಂದಿಷ್ಟು ನ್ಯಾಯ ಸಂದಂತಾಗುತ್ತದೆ.

ವಿರುದ್ಧಾಹಾರಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದ ಸಂಗತಿ ಮೀನಿನೊಳಗೇ ಇದೆ. ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುತ್ತ ವರ್ಷಗಟ್ಟಲೆ ಬದುಕಿದಂತೆಲ್ಲ ಅದರ ಮೈಯಲ್ಲಿ ಪಾದರಸ ಸೇರುತ್ತ ಹೋಗುತ್ತದೆ. ಬಸುರಿಯರ ಗರ್ಭದ ಶಿಶುವಿಗೂ ಎಳೆಯ ಮಕ್ಕಳಿಗೂ ಅದು ಒಳ್ಳೆಯದಲ್ಲ. ಟ್ಯೂನಾ ಜಾತಿಗಳಲ್ಲಿ ಸಣ್ಣದಾದ, ಅಲ್ಪಾಯುವಾದ ಸ್ಕಿಪ್‌ಜಾಕ್‌ನಲ್ಲಿ ಪಾದರಸ ಕಡಿಮೆ; ಅಮೆರಿಕದ ಆಹಾರ ಇಲಾಖೆಯು ಬಸುರಿಯರಿಗೂ ವಾರಕ್ಕೆ ಎರಡು ಮೂರು ಬಾರಿ ಇದನ್ನು ತಿನ್ನಬಹುದೆನ್ನುತ್ತದೆ. ಇಟಲಿಯ ಡಬ್ಬಿಗಳಲ್ಲಿ ಹೆಚ್ಚಾಗಿರುವ ಹಳದಿ ರೆಕ್ಕೆಯ ಯೆಲ್ಲೋಫಿನ್ ಜಾತಿಯನ್ನು ಅವರು ವಾರಕ್ಕೊಮ್ಮೆ ತಿಂದರೆ ಸಾಕು. ಬಿಗ್‌ಐ ಎಂಬುದು ಅವರಿಗೆ ಬೇಡವೇ ಬೇಡ. ಬೆಲೆಯ ಚೀಟಿಗಿಂತ ಮೊದಲು ಡಬ್ಬಿಯ ಮೇಲಿನ ಜಾತಿಯ ಹೆಸರನ್ನು ಓದುವ ಅಭ್ಯಾಸವನ್ನು ಮನೆಯವರೆಲ್ಲರೂ ಮಾಡಿಕೊಳ್ಳಬೇಕು.

ಇನ್ನೊಂದು ಮಾತು ತೆರೆದ ಡಬ್ಬಿಯದು. ಈ ಜಾತಿಯ ಮೀನು ಬೆಚ್ಚಗೆ ಉಳಿದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ತಿಂದವರ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸುತ್ತದೆ. ವಾಸನೆಯಿಂದ ಅದು ತಿಳಿಯಲೇಬೇಕೆಂದಿಲ್ಲ. ಮತ್ತೆ ಬೇಯಿಸಿದರೂ ಅಳಿಯುವುದಿಲ್ಲ. ಆದ್ದರಿಂದ ಉಳಿದ ಮೀನನ್ನು ಕೂಡಲೇ ಗಾಜಿನ ಪಾತ್ರೆಗೆ ತೆಗೆದು ಫ್ರಿಜ್ಜಿನಲ್ಲಿಟ್ಟು, ಒಂದೆರಡು ದಿನಗಳಲ್ಲಿ ಮುಗಿಸಬೇಕು.

ಉಳಿದ ಪಿಜ್ಜಾಕ್ಕೂ ಇದೇ ನಿಯಮ. ಊಟವಾದೊಡನೆ ಅದು ಫ್ರಿಜ್ಜಿಗೆ ಸೇರಲಿ. ಮರುದಿನ ಬಿಸಿ ಮಾಡುವುದಕ್ಕೆ ಓವನ್ನು ಬೇಡ. ಮೀನಿನ ಪದರಗಳನ್ನು ಎತ್ತಿ ಬದಿಗಿಟ್ಟು, ತುಂಡುಗಳನ್ನು ದೋಸೆಯ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿ ಐದು ನಿಮಿಷ ಇಡಿ. ತಳ ಗರಿಗರಿಯಾದ ಮೇಲೆ ಮೀನನ್ನು ಮತ್ತೆ ಮೇಲಿಟ್ಟು ಒಲೆಯನ್ನು ಆರಿಸಿ, ಒಂದು ನಿಮಿಷ ಮುಚ್ಚಳವನ್ನು ತೆಗೆಯದಿದ್ದರಾಯಿತು.