ಬಸವನ ಪಾದದಡಿಯ ನದಿ

ನಿಸರ್ಗದ ಒಡನಾಟವನ್ನರಸಿ ಬೆಂಗಳೂರಿಗರು ರಜೆ ಸಿಕ್ಕೊಡನೆ ನಮ್ಮ ಮಲೆನಾಡಿಗೆ ಬರುತ್ತಾರೆ. ಬರಲಿ. ಆದರೆ ಬಸವನಗುಡಿಯ ದೊಡ್ಡಬಸವನ ಪಾದದಡಿಯಲ್ಲಿ ಹುಟ್ಟುವಳೆಂದು ಹಿರಿಯರು ನಂಬಿದ ವೃಷಭಾವತಿಯನ್ನು ಅವರಲ್ಲೆಷ್ಟು ಮಂದಿ ಬಲ್ಲರು? (ಮಲ್ಲೇಶ್ವರದಲ್ಲಿ ಕೇಳಿದರೆ ನಂದಿತೀರ್ಥವೇ ಮೂಲವೆನ್ನುವವರುಂಟು, ಆ ವಾದವಾದರೂ ಜೀವಂತವಿರಲಿ.) ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ನೆರೆಯುವ ಜನ ಬಸವನಿಗೆ ಕೈಮುಗಿಯುತ್ತಾರೆ; ಅವನ ಹೆಸರಿನ ನದಿಯೋ ಮೈಸೂರು ರಸ್ತೆಯ ಪಕ್ಕದಲ್ಲಿ ಊರಿನ ಕೊಳಚೆಯನ್ನೂ ಕಾರ್ಖಾನೆಗಳ ವಿಷವನ್ನೂ ಹೊತ್ತು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಇಳಿಯುತ್ತದೆ. ಜನರ ಬಾಯಲ್ಲಿ ಅದೀಗ ಮೋರಿ.

ಇದೇ ನಗರಕ್ಕೆ ಲಿಂಗನಮಕ್ಕಿಯಿಂದ ಶರಾವತಿಯನ್ನೊಯ್ಯುವ ಪ್ರಸ್ತಾಪವನ್ನು 2019ರಲ್ಲಿ ಶಿವಮೊಗ್ಗ ಜಿಲ್ಲೆಯ ಜನ ಬೀದಿಗಿಳಿದು ವಿರೋಧಿಸಿದರು. ಮನೆಯಂಗಳದ ನದಿಯನ್ನು ಕೊಂದವರಿಗೆ ಮತ್ತೊಂದನ್ನು ಒಪ್ಪಿಸುವುದು ಔದಾರ್ಯವೇ? ಬಸವನಗುಡಿ, ಚಾಮರಾಜಪೇಟೆಗಳ ಕೊಳಚೆ ಶುದ್ಧಗೊಳ್ಳದೆ ವೃಷಭಾವತಿಗೆ ಬೀಳುವುದು ಮೊದಲು ನಿಲ್ಲಲಿ; ಶರಾವತಿಯ ಮಾತನ್ನು ಅನಂತರ ಆಡೋಣ.